ಭಾಷಣಕ್ಕೂ ಪ್ರೆಸೆಂಟೇಶನ್‌ಗೂ ಸ್ವಂತ ಸರಕು ಹುಡುಕುವುದು ಹೇಗೆ? ಉತ್ತರ ಕನ್ನಡದವರಿಗೊಂದು ಮಾರ್ಗದರ್ಶಿ

ಇನ್ನೇನು ನಾಲ್ಕು ದಿನದಲ್ಲಿ ನೀವು ಮೈಕಿನ ಮುಂದೆ ನಿಲ್ಲಬೇಕಿದೆ. ಶಿರಸಿಯಲ್ಲಿ ಸೊಸೈಟಿಯ ವಾರ್ಷಿಕ ಸಭೆ ಇರಬಹುದು, ಅಂಕೋಲೆಯಲ್ಲಿ ಶಾಲೆಯ ಗ್ಯಾದರಿಂಗ್ ಇರಬಹುದು, ಕಾರವಾರದಲ್ಲಿ ಬ್ಯಾಂಕಿನವರ ಎದುರು ಹೋಮ್‌ಸ್ಟೇ ಸಾಲಕ್ಕಾಗಿ ಒಂದಿಷ್ಟು ಸ್ಲೈಡ್ ತೋರಿಸುವುದಿರಬಹುದು. ಬಹಳ ಜನ ಮಾಡುವ ಮೊದಲ ಕೆಲಸ ಮೊಬೈಲ್ ತೆಗೆದು ವಿಷಯದ ಹೆಸರು ಟೈಪ್ ಮಾಡುವುದು. ಬಂದದ್ದನ್ನು ಸ್ವಲ್ಪ ಆಚೀಚೆ ಮಾಡಿ ಹೇಳುವುದು. ಕೇಳುವವರ ಕೈಯಲ್ಲೂ ಮೊಬೈಲ್ ಇದೆ, ಅವರೂ ಅದನ್ನೇ ಹೋದ ವಾರ ವಾಟ್ಸಾಪಿನಲ್ಲಿ ಓದಿದ್ದಾರೆ. ಮತ್ತೆ ಯಾಕೆ ಕೇಳಬೇಕು?

ಸ್ವಂತ ಸರಕು ಬೇಕು ಅಂದ ಕೂಡಲೇ, ಯಾರಿಗೂ ಹೊಳೆಯದ ವಿಚಾರ ನಮಗೆ ಹೊಳೆಯಬೇಕು ಅಂತ ಹೆದರುತ್ತಾರೆ. ಹಾಗೇನೂ ಬೇಕಿಲ್ಲ. ವಿಷಯದ ಹತ್ತಿರ ಹೋಗಿ ನೋಡಿದ್ದು, ಕೇಳಿದ್ದು, ಎಣಿಸಿದ್ದು, ಹಳೆ ಕಾಗದದಲ್ಲಿ ಸಿಕ್ಕಿದ್ದು, ಅದು ನಿಜವೋ ಅಂತ ತಾಳೆ ನೋಡಿದ್ದು: ಇಷ್ಟಿದ್ದರೆ ಅದು ನಿಮ್ಮದೇ ಸರಕು. ಇದಕ್ಕೆ ಜಾಣತನಕ್ಕಿಂತ ಜಾಸ್ತಿ ಬೇಕಾದದ್ದು ತಿರುಗಾಟ ಮತ್ತು ತಾಳ್ಮೆ.

ಮೊದಲು, ಇವನ್ನು ಬಿಟ್ಟುಬಿಡಿ

ಹದ್ದಿನ ಕಥೆ ಕೇಳಿದ್ದೀರಲ್ವಾ? 40 ವರ್ಷ ತುಂಬಿದ ಹದ್ದು ಬೆಟ್ಟದ ತುದಿಗೆ ಹೋಗಿ ಬಂಡೆಗೆ ಬಡಿದು ಕೊಕ್ಕು ಮುರಿದುಕೊಳ್ಳುತ್ತದಂತೆ, ಉಗುರು, ಗರಿ ಕಿತ್ತುಕೊಳ್ಳುತ್ತದಂತೆ, ಎಲ್ಲ ಹೊಸದಾಗಿ ಬೆಳೆದು ಮತ್ತೆ 30 ವರ್ಷ ಬದುಕುತ್ತದಂತೆ. ಪೂರಾ ಸುಳ್ಳು. ಕೊಕ್ಕು ಹೋದ ಹದ್ದು ತಿನ್ನಲಾಗದೆ ಸಾಯುತ್ತದೆ. ಕಡಲ ಹದ್ದು ನಮ್ಮ ಕಣ್ಣೆದುರೇ ಹಾರುವ ಊರಿನಲ್ಲಿ ಮಕ್ಕಳಿಗೆ ಈ ಕಥೆ ಹೇಳುವುದನ್ನು ಕೇಳಿದರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ನಿಧಾನ ಕಾಯಿಸಿದ ನೀರಿನಲ್ಲಿ ಕಪ್ಪೆ ಸುಮ್ನೆ ಕೂತು ಬೇಯುತ್ತದೆ ಅನ್ನುವುದೂ ಹಾಗೇ. ನೀರು ಬಿಸಿಯಾದ ಕೂಡಲೇ ಕಪ್ಪೆ ಹೊರಗೆ ಜಿಗಿಯಲು ನೋಡುತ್ತದೆ.

ಕಂಪನಿ ಮೀಟಿಂಗುಗಳದ್ದು ಇನ್ನೊಂದು ಪಟ್ಟಿ. ಅಮೆರಿಕದವರು ಬಾಹ್ಯಾಕಾಶದಲ್ಲಿ ಬರೆಯುವ ಪೆನ್ನಿಗೆ ಕೋಟಿಗಟ್ಟಲೆ ಸುರಿದರು, ರಷ್ಯಾದವರು ಪೆನ್ಸಿಲ್ ಹಿಡಿದರು ಅನ್ನುವ ಕಥೆ ಅದರಲ್ಲಿ ಮೊದಲನೆಯದು. ಆ ಪೆನ್ನನ್ನು ಪಾಲ್ ಫಿಶರ್ ಎಂಬ ಪೆನ್ ತಯಾರಕ ತನ್ನದೇ ದುಡ್ಡು ಹಾಕಿ ಮಾಡಿದ. ನಾಸಾ ಅವನಿಂದ ಕೊಂಡಿತು, ಆಮೇಲೆ ಸೋವಿಯತ್ತಿನವರೂ ಕೊಂಡರು. ಇನ್ನು, ಮಾತಿನ ಪರಿಣಾಮದಲ್ಲಿ ಶಬ್ದದ ಪಾಲು ಬರೀ 7 ಶೇಕಡಾ, ದನಿಯದು 38, ಮುಖದ್ದು 55 ಅಂತ ಸ್ಲೈಡ್ ಹಾಕುತ್ತಾರಲ್ಲ, ಅದು ಆಲ್ಬರ್ಟ್ ಮೆಹ್ರಾಬಿಯನ್ 1967ರಲ್ಲಿ ಪ್ರಕಟಿಸಿದ ಎರಡು ಅಧ್ಯಯನಗಳಿಂದ ಬಂದದ್ದು. ಒಂದೊಂದೇ ಬಿಡಿ ಶಬ್ದವನ್ನು ಬೇರೆ ಬೇರೆ ದನಿಯಲ್ಲಿ ಹೇಳಿದಾಗ ಕೇಳುವವರಿಗೆ ಇಷ್ಟ-ಅನಿಷ್ಟದ ಭಾವ ಹೇಗೆ ತಲುಪುತ್ತದೆ ಅಂತ ಅವರು ನೋಡಿದ್ದು. ಎಲ್ಲ ಮಾತಿಗೂ ಇದನ್ನು ಅಂಟಿಸಬೇಡಿ ಅಂತ ಅವರೇ ಹೇಳಿದ್ದಾರೆ.

ಬನವಾಸಿಯನ್ನು ನೆನೆಯುವ ಪಂಪನ ಸಾಲಿನಲ್ಲಿ ಸುಳ್ಳೇನೂ ಇಲ್ಲ, ಚಂದದ ಸಾಲು. ಆದರೆ ನಮ್ಮ ಕಡೆ ಅದಿಲ್ಲದ ಸ್ವಾಗತ ಭಾಷಣವೇ ಇಲ್ಲ. ಅದನ್ನು ನಿಮ್ಮ ಹಿಂದೆ ಮುಂದೆ ಮಾತಾಡುವವರಿಗೆ ಬಿಡಿ, ಅವರು ಹೇಗೂ ಹೇಳುತ್ತಾರೆ.

ವಿಷಯವನ್ನು ಚಿಕ್ಕದು ಮಾಡಿಕೊಳ್ಳಿ

"ಪ್ರವಾಸೋದ್ಯಮದ ಮಹತ್ವ" ಅಂತ ವಿಷಯ ಇಟ್ಟುಕೊಂಡರೆ ಸರಕು ಸಿಗುವುದೇ ಇಲ್ಲ, ಯಾಕೆಂದರೆ ಎಲ್ಲಿ ಹುಡುಕಬೇಕು ಅಂತಲೇ ಗೊತ್ತಾಗುವುದಿಲ್ಲ. "ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಹೋಮ್‌ಸ್ಟೇ ಯಾಕೆ ಖಾಲಿ ಇರುತ್ತದೆ?" ಅಂತ ಇಟ್ಟುಕೊಂಡರೆ ದಾರಿ ಕಾಣುತ್ತದೆ. ಬುಕಿಂಗ್ ಪುಸ್ತಕ ನೋಡಬೇಕು, ಬಂದವರಲ್ಲಿ ಮಳೆ ನೋಡಲೆಂದೇ ಬಂದವರು ಯಾರು ಅಂತ ತೆಗೆಯಬೇಕು, ರೈಲು ಎಷ್ಟು ತಡವಾಗುತ್ತದೆ, ಘಟ್ಟದ ರಸ್ತೆ ಯಾವಾಗ ಬಂದ್ ಆಗುತ್ತದೆ ಅಂತ ಕೇಳಬೇಕು. "ಸಹಕಾರ ತತ್ವ" ಅನ್ನುವುದಕ್ಕಿಂತ "ನಮ್ಮ ಊರಿನ ಸೊಸೈಟಿ ಶುರುವಾದ ವರ್ಷ ಯಾರು ಎಷ್ಟು ಷೇರು ಹಾಕಿದರು" ಅನ್ನುವುದು ಹತ್ತು ಪಾಲು ಒಳ್ಳೆಯ ವಿಷಯ. ಪ್ರಶ್ನೆಯ ರೂಪದಲ್ಲೇ ಬರೆದುಕೊಳ್ಳಿ. ಒಂದೇ ಸಾಲು ಸಾಕು.

ನಿಮ್ಮ ರಿಜಿಸ್ಟರ್ ತೆರೆಯಿರಿ

ವ್ಯವಹಾರದ ಪ್ರೆಸೆಂಟೇಶನ್ ಮಾಡುವವರು ಮರೆಯುವ ಜಾಗ ಇದು. ಜಗತ್ತಿನ ಮಾರುಕಟ್ಟೆಯ ಅಂಕಿ ಹುಡುಕಿ ಹಾಕುತ್ತಾರೆ, ತಮ್ಮದೇ ಬಿಲ್ ಬುಕ್ ಮೇಜಿನ ಡ್ರಾದಲ್ಲೇ ಇರುತ್ತದೆ. ಆ ಜಗತ್ತಿನ ಅಂಕಿ ಬ್ಯಾಂಕಿನ ಮ್ಯಾನೇಜರ್ ಬೇರೆ ಹತ್ತು ಜನರ ಸ್ಲೈಡಿನಲ್ಲೂ ನೋಡಿರುತ್ತಾರೆ. ನಿಮ್ಮ ಬಿಲ್ ಬುಕ್ಕಿನಲ್ಲಿ ಇರುವುದು ನಿಮ್ಮ ಹತ್ತಿರ ಮಾತ್ರ ಸಿಗುತ್ತದೆ.

ಕುಮಟಾದಲ್ಲಿ ಮುರುಗಲು ಶರಬತ್ತು ಮಾಡಿ ಮಾರುವ ಮಹಿಳಾ ಸಂಘ ಅಂದುಕೊಳ್ಳಿ. ಹೋದ ವರ್ಷದ ಆರ್ಡರುಗಳನ್ನು ವಾಟ್ಸಾಪಿನಿಂದ ತೆಗೆದು ಮೂರು ಕಾಲಂ ಮಾಡಿ: ಯಾವ ಊರಿಂದ, ಯಾವ ತಿಂಗಳು, ಎರಡನೇ ಸಲ ತರಿಸಿದರೋ ಇಲ್ಲವೋ. ಒಂದು ಸಂಜೆಯ ಕೆಲಸ. ಎರಡನೇ ಸಲ ತರಿಸಿದವರು ಯಾವ ಊರಿನವರು ಅಂತ ನೋಡಿದಾಗಲೇ ಹೇಳಬೇಕಾದ ಮಾತು ಸಿಗುತ್ತದೆ. ದೂರಿನ ಮೆಸೇಜುಗಳನ್ನೂ ಬಿಡಬೇಡಿ. "ಬಾಟಲಿ ಒಡೆದು ಬಂತು" ಅನ್ನುವ ಮೆಸೇಜ್ ತೋರಿಸಿ, ಆಮೇಲೆ ಪ್ಯಾಕಿಂಗ್ ಹೇಗೆ ಬದಲಾಯಿಸಿದಿರಿ ಅಂತ ಹೇಳಿದರೆ ಸಾಲ ಕೊಡುವವರಿಗೆ ನಿಮ್ಮ ಮೇಲೆ ನಂಬಿಕೆ ಬರುತ್ತದೆ. ಗಿರಾಕಿಯ ಹೆಸರು, ನಂಬರ್ ಮಾತ್ರ ಅಳಿಸಿ ತೋರಿಸಿ.

ಅಡಿಕೆಯವರಿಗೆ ಇನ್ನೂ ಸುಲಭ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಯಾವುದಕ್ಕೆ ಯಾವ ದಿನ ಎಷ್ಟು ದರ ಅಂತ ಸರ್ಕಾರದ ಕೃಷಿ ಮಾರಾಟ ವಾಹಿನಿಯಲ್ಲಿ ದಿನವೂ ಬರುತ್ತದೆ. ಅದರ ಪಕ್ಕದಲ್ಲಿ ನೀವು ಮಾರಿದ ದಿನಗಳನ್ನು ಗುರುತು ಹಾಕಿ. ಅವಸರಕ್ಕೆ ಮಾರಿದ್ದು ಯಾವಾಗ, ಕಾದು ಮಾರಿದ್ದು ಯಾವಾಗ, ಅದರಿಂದ ಆದದ್ದೇನು: ಇದನ್ನು ಸಭೆಯಲ್ಲಿ ತೋರಿಸಿದರೆ ಯಾರೂ ಮೊಬೈಲ್ ನೋಡುವುದಿಲ್ಲ.

ಜನರ ಹತ್ತಿರ ಹೋಗಿ, ಆದರೆ ಸಣ್ಣ ಪ್ರಶ್ನೆ ಕೇಳಿ

ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡ ಹೆಜ್ಜೆ, ಜನ ತಪ್ಪಿಸಿಕೊಳ್ಳುವ ಹೆಜ್ಜೆಯೂ ಇದೇ. ಕಾರವಾರದ ಮೀನು ಮಾರ್ಕೆಟ್, ಬೈತಖೋಲ ಬಂದರು, ಶಿರಸಿಯ ಎಪಿಎಂಸಿ ಯಾರ್ಡ್, ಸಾಣಿಕಟ್ಟೆಯ ಉಪ್ಪಿನಾಗರ, ಹೊನ್ನಾವರದ ಬಸ್ ಸ್ಟ್ಯಾಂಡ್. ಎಲ್ಲಿಗೆ ಹೋದರೂ ಒಂದು ನೋಟ್‌ಬುಕ್ ಇರಲಿ.

"ಮೀನುಗಾರಿಕೆಯ ಸಮಸ್ಯೆಗಳೇನು?" ಅಂತ ಕೇಳಿದರೆ ಪತ್ರಿಕೆಯಲ್ಲಿ ಬಂದ ಉತ್ತರವೇ ಬರುತ್ತದೆ, ಅಥವಾ ಉತ್ತರವೇ ಬರುವುದಿಲ್ಲ. "ಅಕ್ಕಾ, ಇವತ್ತು ಬಂಗಡೆ ಎಷ್ಟೊತ್ತಿಗೆ ಬಂತು? ನಿನ್ನೆ ಉಳಿದಿದ್ದನ್ನು ಏನು ಮಾಡಿದ್ರಿ?" ಅಂತ ಕೇಳಿ. ಮಾತು ತಾನಾಗಿ ಬಿಚ್ಚಿಕೊಳ್ಳುತ್ತದೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳಿಗೆ ನಿಷೇಧ. ಇದು ಎಲ್ಲರಿಗೂ ಗೊತ್ತು. ಆದರೆ ಆ 61 ದಿನ ಮನೆ ಹೇಗೆ ನಡೆಯುತ್ತದೆ, ಬಲೆ ರಿಪೇರಿ ಯಾರು ಮಾಡುತ್ತಾರೆ, ಯಾರ ಹತ್ತಿರ ಕೈಗಡ ತೆಗೆದುಕೊಳ್ಳುತ್ತಾರೆ, ಆಗಸ್ಟ್‌ನ ಮೊದಲ ವಾರ ಆ ಸಾಲ ಹೇಗೆ ತೀರುತ್ತದೆ? ನೀವು ಬ್ಯಾಂಕಿನವರಾಗಿದ್ದು, ಮೀನುಗಾರರಿಗೆ ಹೊಸ ಸಾಲ ಯೋಜನೆಯನ್ನು ಮೇಲಿನವರಿಗೆ ವಿವರಿಸಬೇಕಾದರೆ ಇಂಥ ಒಂದು ಮನೆಯ ಲೆಕ್ಕ ಸಾಕು. ಅದರ ಮುಂದೆ ರಾಜ್ಯಮಟ್ಟದ ಅಂಕಿಯ ಸ್ಲೈಡ್ ಸಪ್ಪೆ.

ಘಟ್ಟದ ಮೇಲೆ ಅಡಿಕೆ ಕೊನೆ ಕೊಯ್ಯುವವರನ್ನು ಕೇಳಿ. ಒಂದು ಮರದಿಂದ ಇನ್ನೊಂದಕ್ಕೆ ದಾಟುವಾಗ ಏನು ನೋಡುತ್ತಾರೆ, ಯಾವ ಮರ ಹತ್ತುವುದಿಲ್ಲ, ಮಗನಿಗೆ ಈ ಕೆಲಸ ಕಲಿಸಿದ್ದಾರೋ ಇಲ್ಲವೋ. ಕೂಲಿಕಾರರ ಕೊರತೆ ಅಂತ ಹತ್ತು ವರ್ಷದಿಂದ ಭಾಷಣಗಳಲ್ಲಿ ಕೇಳುತ್ತಿದ್ದೇವೆ. ಆ ಕೆಲಸ ಮಾಡುವವರ ಬಾಯಲ್ಲಿ ಅದು ಬಂದಾಗ ಬೇರೆಯೇ ತೂಕ ಇರುತ್ತದೆ. ಕುಮಟಾದ ಮಾಣಿಕಟ್ಟಾ ಕಡೆಯ ಗಜನಿಯಲ್ಲಿ, ಅಂದರೆ ಹಿನ್ನೀರಿನ ಪಕ್ಕದ ತಗ್ಗು ಗದ್ದೆಗಳಲ್ಲಿ, ಉಪ್ಪುನೀರು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುವವರಿದ್ದಾರೆ. ಹವಾಮಾನ ಬದಲಾವಣೆ ಅಂತ ವಿಷಯ ಕೊಟ್ಟರೆ ಧ್ರುವದ ಕರಡಿಯ ಚಿತ್ರ ಯಾಕೆ, ಅವರ ಗದ್ದೆಯ ಕಟ್ಟು ಒಡೆದಾಗ ಏನಾಗುತ್ತದೆ ಅಂತ ಕೇಳಿ ಬನ್ನಿ.

ಕೆಲವು ರೀತಿ-ನೀತಿ ಇದೆ. ಹಿರಿಯರನ್ನು ಊರಿನ ರೂಢಿಯಂತೆ ಅಜ್ಜ, ಮಾವ, ಅಮ್ಮ ಅಂತಲೇ ಮಾತಾಡಿಸಿ. ರೆಕಾರ್ಡ್ ಮಾಡುವುದಾದರೆ ಮೊದಲೇ ಕೇಳಿ, ಯಾವ ಸಭೆಯಲ್ಲಿ ಹೇಳುತ್ತೀರಿ ಅಂತಲೂ ತಿಳಿಸಿ. ಅವರು ಕೊಂಕಣಿಯಲ್ಲೋ ಹಾಲಕ್ಕಿ ಕನ್ನಡದಲ್ಲೋ ಹೇಳಿದ್ದನ್ನು ಹಾಗೇ ಬರೆದುಕೊಳ್ಳಿ, ಪುಸ್ತಕದ ಕನ್ನಡಕ್ಕೆ ತಿರುಗಿಸಿದ ಕೂಡಲೇ ಅರ್ಧ ಜೀವ ಹೋಗುತ್ತದೆ. ಮನೆಗೆ ಬಂದ ಅದೇ ದಿನ ಯಾರು, ಎಲ್ಲಿ, ಯಾವ ದಿನ ಅಂತ ಮೇಲೆ ಬರೆದಿಡಿ.

ಇನ್ನೊಂದು ಮಾತು, ಇದನ್ನು ಒತ್ತಿ ಹೇಳುತ್ತೇನೆ. 2024ರ ಜುಲೈ 16ರಂದು ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಜೀವಗಳು ಹೋದವು. ಗುಡ್ಡ ಕಡಿಯುವುದರ ಬಗ್ಗೆ, ಹೆದ್ದಾರಿಯ ಸುರಕ್ಷತೆಯ ಬಗ್ಗೆ ಮಾತಾಡುವಾಗ ಅದನ್ನು ಹೇಳಲೇಬೇಕು. ಆದರೆ ಸೇಲ್ಸ್ ಮೀಟಿಂಗಿನಲ್ಲಿ "ಜೀವನ ಅನಿಶ್ಚಿತ" ಅನ್ನುವುದಕ್ಕೆ ಆ ಫೋಟೋ ಹಾಕಬೇಡಿ. ಆ ಮನೆಯವರು ಈ ಜಿಲ್ಲೆಯಲ್ಲೇ ಇದ್ದಾರೆ.

ಹಳೆ ಕಾಗದ ಎಲ್ಲಿದೆ?

ನಮ್ಮ ಜಿಲ್ಲೆಯವರಿಗೆ ಇಲ್ಲೊಂದು ತೊಡಕಿದೆ. ಹಳೆ ಮಾಹಿತಿಗೆ ಮೈಸೂರಿನ ದಾಖಲೆ ಹುಡುಕಿದರೆ ಏನೂ ಸಿಗುವುದಿಲ್ಲ. ಟಿಪ್ಪು ಸತ್ತ ಮೇಲೆ ಕೆನರಾ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತು, 1862ರಲ್ಲಿ ಉತ್ತರದ ಭಾಗ ಬಾಂಬೆಗೆ ಹೋಯಿತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ಹಾಗಾಗಿ ನೋಡಬೇಕಾದದ್ದು ಬಾಂಬೆ ಪ್ರಾಂತ್ಯದ ಗೆಜೆಟಿಯರ್, 15ನೇ ಸಂಪುಟ, 1883ರದ್ದು. ಬೆಳೆ, ಬಂದರು, ಜಾತ್ರೆ, ಕೂಲಿ, ರಸ್ತೆ ಎಲ್ಲ ಅದರಲ್ಲಿದೆ, ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಓದಬಹುದು. ಅದಕ್ಕಿಂತ ಹಿಂದೆ ಹೋಗಬೇಕಾದರೆ ಫ್ರಾನ್ಸಿಸ್ ಬುಕನನ್ 1801ರಲ್ಲಿ ಇಲ್ಲೆಲ್ಲ ಓಡಾಡಿ ಬರೆದದ್ದು, 1807ರಲ್ಲಿ ಅಚ್ಚಾದದ್ದು ಇದೆ. ಇಂಗ್ಲಿಷಿನಲ್ಲಿ ಹುಡುಕುವಾಗ ಕೆನರಾವನ್ನು 'ಕೆ' ಅಕ್ಷರದಿಂದಲೂ 'ಸಿ' ಅಕ್ಷರದಿಂದಲೂ ಹಾಕಿ ನೋಡಿ. ಹೊನ್ನಾವರಕ್ಕೆ ಹಳೆ ಪುಸ್ತಕಗಳಲ್ಲಿ ಓನೋರ್ ಅಂತಿರುತ್ತದೆ.

ಈಚಿನ ಅಂಕಿಗೆ ಜಿಲ್ಲಾ ಸಂಖ್ಯಾಸಂಗ್ರಹಣಾ ಕಚೇರಿಯ 'ಜಿಲ್ಲಾ ಅಂಕಿಅಂಶಗಳ ನೋಟ' ಇದೆ. ಊರೂರಿನ ವಿವರ 2011ರ ಜನಗಣತಿಯ ಜಿಲ್ಲಾ ಕೈಪಿಡಿಯಲ್ಲಿದೆ. ಆಗ ಜಿಲ್ಲೆಯ ಜನಸಂಖ್ಯೆ 14,37,169 ಇತ್ತು, ಆದರೆ ನಿಮ್ಮ ಸಭೆಗೆ ಬೇಕಾದದ್ದು ಆ ದೊಡ್ಡ ಸಂಖ್ಯೆಗಿಂತ ನಿಮ್ಮ ಹಳ್ಳಿಯ ಸಾಲು. ಕಚೇರಿಯಲ್ಲಿ ಸಿಗದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ: ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನದ ಗಡುವು. ಅಂದರೆ ಭಾಷಣದ ಹಿಂದಿನ ವಾರ ಹಾಕಿ ಪ್ರಯೋಜನವಿಲ್ಲ.

ಜನ ಮುಟ್ಟಿಯೇ ನೋಡದ ಇನ್ನೊಂದು ಗಣಿ ಭೌಗೋಳಿಕ ಸೂಚಿಕೆಯ, ಅಂದರೆ ಒಂದು ಊರಿನ ವಿಶೇಷ ಸರಕಿಗೆ ಆ ಊರಿನ ಹೆಸರಲ್ಲೇ ಸಿಗುವ ಜಿಐ ಮಾನ್ಯತೆಯ, ಅರ್ಜಿಗಳು. ಶಿರಸಿ ಅಡಿಕೆಗೆ 2019ರಲ್ಲಿ, ಅಂಕೋಲೆಯ ಕರಿ ಇಶಾಡ ಮಾವಿಗೆ 2023ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ಸಿಕ್ಕಿತು ಅಂತ ಎಲ್ಲರೂ ಹೇಳುತ್ತಾರೆ. ಯಾಕೆ ಕೊಟ್ಟರು? ಇಲ್ಲಿಯದು ಬೇರೆ ಕಡೆಯದ್ದಕ್ಕಿಂತ ಹೇಗೆ ಬೇರೆ ಅಂತ ಅರ್ಜಿಯಲ್ಲಿ ಬರೆದು ತೋರಿಸಬೇಕು. ಆ ವಿವರವನ್ನು ಚೆನ್ನೈನ ಜಿಐ ನೋಂದಣಿ ಕಚೇರಿ ತನ್ನ ಜರ್ನಲ್‌ನಲ್ಲಿ ಪ್ರಕಟಿಸುತ್ತದೆ, ಯಾರು ಬೇಕಾದರೂ ಓದಬಹುದು. ಮಾವು, ಅಡಿಕೆ ವ್ಯಾಪಾರದ ಪ್ರೆಸೆಂಟೇಶನ್‌ಗೆ ಇದಕ್ಕಿಂತ ಒಳ್ಳೆಯ ಸರಕು ಬೇರೆ ಇಲ್ಲ.

ಸಂಘ-ಸಂಸ್ಥೆಗಳ ಹಳೆ ವರದಿ, ನಡಾವಳಿ ಪುಸ್ತಕ ಇದ್ದರೆ ಕೇಳಿ ತೆಗೆಸಿ. ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ 1923ರಲ್ಲಿ, ಕಡವೆ ಶ್ರೀಪಾದರಾವ್ ಹೆಗಡೆಯವರ ಮುಂದಾಳತ್ವದಲ್ಲಿ ಹುಟ್ಟಿತು. ಬೆಳೆಗಾರರು ಒಬ್ಬೊಬ್ಬರೇ ಹೋದರೆ ವ್ಯಾಪಾರಿ ಹೇಳಿದ್ದೇ ದರ, ಒಟ್ಟಾಗಿ ಮಾರಿದರೆ ಮಾತು ನಡೆಯುತ್ತದೆ ಅನ್ನುವುದು ಅದರ ಮೂಲ. ಒಗ್ಗಟ್ಟಿನ ಬಗ್ಗೆ ಮಾತಾಡಲು ಅಮೆರಿಕದ ಕಂಪನಿಯ ಕಥೆ ತರಬೇಕಾ?

ಗೊತ್ತಿರುವ ಸಂಗತಿಯನ್ನು ಒಂದು ಹೆಜ್ಜೆ ಮುಂದೆ ಒಯ್ಯಿರಿ

ಅಂಕೋಲೆಯ ಉಪ್ಪಿನ ಸತ್ಯಾಗ್ರಹ ಎಲ್ಲರ ಭಾಷಣದಲ್ಲೂ ಬರುತ್ತದೆ. ದಿನಾಂಕ ಪಕ್ಕಪಕ್ಕ ಇಟ್ಟು ನೋಡಿ. ದಾಂಡಿಯಲ್ಲಿ ಗಾಂಧೀಜಿ ಉಪ್ಪು ಹಿಡಿದದ್ದು 1930ರ ಏಪ್ರಿಲ್ 6. ಎಂ. ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಅಂಕೋಲೆಯವರು ಉಪ್ಪು ಮಾಡಿದ್ದು ಏಪ್ರಿಲ್ 13. ಒಂದೇ ವಾರ! ಮೊಬೈಲ್ ಇಲ್ಲದ, ರೈಲು ಇಲ್ಲದ ಕರಾವಳಿ. ಸುದ್ದಿ ಹೇಗೆ ಬಂತು, ಜನ ಹೇಗೆ ಸೇರಿದರು ಅಂತ ಊರಿನ ಹಿರಿಯರ ಮನೆಗಳಲ್ಲಿ ಕೇಳಿ. ಆಮೇಲೆ ಗೋಕರ್ಣದ ಹತ್ತಿರ ಸಾಣಿಕಟ್ಟೆಯಲ್ಲಿ ಇಂದಿಗೂ ಉಪ್ಪು ಬೆಳೆಯುವುದನ್ನು ನೋಡಿ ಬನ್ನಿ. ಎರಡೂ ಸೇರಿದರೆ ಆಗಸ್ಟ್ 15ಕ್ಕೆ ಬೇರೆ ಯಾರಲ್ಲೂ ಇಲ್ಲದ ಭಾಷಣ.

ಕಾರವಾರದ ಕಡಲತೀರಕ್ಕೆ ಠಾಗೋರರ ಹೆಸರಿದೆ, ಸರಿ. ಅವರು ಯಾಕೆ ಬಂದರು? ಅಣ್ಣ ಸತ್ಯೇಂದ್ರನಾಥ ಇಲ್ಲಿ ಜಿಲ್ಲಾ ನ್ಯಾಯಾಧೀಶರು. ಬ್ರಿಟಿಷರ ಕಾಲದ ಆಡಳಿತ ಸೇವೆಯಾದ ಐಸಿಎಸ್ ಪಾಸಾದ ಮೊದಲ ಭಾರತೀಯ ಅವರೇ. ತಮ್ಮನಿಗೆ ಇನ್ನೂ ಎಳೆ ಹರೆಯ, ಇಲ್ಲಿದ್ದಾಗ ಒಂದು ನಾಟಕ ಬರೆದರು, ತಮ್ಮ ಮುಂದಿನ ಬರವಣಿಗೆಗೆಲ್ಲ ಅದು ಪ್ರವೇಶ ಇದ್ದಂತೆ ಅಂತ ನೆನಪುಗಳಲ್ಲಿ ತಾವೇ ಹೇಳಿಕೊಂಡಿದ್ದಾರೆ. ಆ ಅಧ್ಯಾಯವನ್ನು ನೀವೇ ಓದಿ ಮಾತಾಡಿ, ಬೇರೆಯವರ ಭಾಷಣದಿಂದ ಎತ್ತಬೇಡಿ.

ತಾಳೆ ನೋಡದೆ ಬಾಯಿ ಬಿಡಬೇಡಿ

ಕೈಗಾ ಅಣುವಿದ್ಯುತ್ ಸ್ಥಾವರದ ಒಂದನೇ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಒಂದೇ ಸಮನೆ ಓಡಿತು. ಆಗ ಅದು ವಿಶ್ವದಾಖಲೆ. ಮೇಂಟೆನೆನ್ಸ್ ಬಗ್ಗೆ, ಶಿಸ್ತಿನ ಬಗ್ಗೆ ಮಾತಾಡುವ ಎಂಜಿನಿಯರುಗಳಿಗೆ ಮನೆಬಾಗಿಲಲ್ಲೇ ಇರುವ ಉದಾಹರಣೆ. ಆದರೆ "ಇಂದಿಗೂ ವಿಶ್ವದಾಖಲೆ ನಮ್ಮದೇ" ಅಂದರೆ ತಪ್ಪು. 2020ರಲ್ಲಿ ಕೆನಡಾದ ಡಾರ್ಲಿಂಗ್ಟನ್ ಘಟಕ ಅದನ್ನು ದಾಟಿತು, ಕೊನೆಗೆ 1,106 ದಿನ ಓಡಿತು. ಸಭೆಯಲ್ಲಿ ಒಬ್ಬರು ಎದ್ದು ಇದನ್ನು ಹೇಳಿದರೆ ನಿಮ್ಮ ಉಳಿದ ಮಾತಿಗೂ ಬೆಲೆ ಇರುವುದಿಲ್ಲ. ಸರಿಯಾಗಿ ಹೇಳಿದರೂ ಸಾಧನೆ ಕಡಿಮೆ ಆಗುವುದಿಲ್ಲವಲ್ಲ.

"ಅತಿ ದೊಡ್ಡ", "ಮೊದಲ", "ಇಂದಿಗೂ" ಅನ್ನುವ ಶಬ್ದ ಬಂದಲ್ಲೆಲ್ಲ ಒಮ್ಮೆ ನಿಂತು ನೋಡಿ. ಮಹಾತ್ಮರ, ವಿಜ್ಞಾನಿಗಳ ಹೆಸರಿನಲ್ಲಿ ಓಡಾಡುವ ನುಡಿ ಯಾವ ಪುಸ್ತಕದ್ದು, ಯಾವ ಭಾಷಣದ್ದು ಅಂತ ಗೊತ್ತಾಗದಿದ್ದರೆ ಬಿಡಿ. ಎಐ ಆ್ಯಪ್‌ಗಳನ್ನು ಕೇಳುವುದಾದರೆ "ಈ ವಿಷಯದಲ್ಲಿ ಕೇಳುಗರು ಏನೇನು ಪ್ರಶ್ನೆ ಎತ್ತಬಹುದು?" ಅಂತ ಕೇಳಿ, ಅದಕ್ಕೆ ಒಳ್ಳೆಯದು. ಊರಿನ ಇತಿಹಾಸ ಕೇಳಿದರೆ ಇಲ್ಲದ ಇಸವಿಯನ್ನೂ ಧೈರ್ಯವಾಗಿ ಕೊಡುತ್ತವೆ.

ತಾಳಮದ್ದಳೆಯವರನ್ನು ನೋಡಿ ಕಲಿಯಿರಿ

ತಾಳಮದ್ದಳೆ ಅಂದರೆ ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ಹಾಡುವ ಭಾಗವತರ ಪದ್ಯ ಎಲ್ಲರಿಗೂ ಒಂದೇ. ಅರ್ಥ ಹೇಳುವವರ ಮಾತು ಮಾತ್ರ ಅಲ್ಲೇ, ಆ ಕ್ಷಣಕ್ಕೆ ಕಟ್ಟಿದ್ದು. ಒಬ್ಬರ ಕರ್ಣ ಇನ್ನೊಬ್ಬರ ಕರ್ಣನಂತಿರುವುದಿಲ್ಲ. ಅವರು ಮೂಲ ಓದಿರುತ್ತಾರೆ, ಅದೇ ಕಥೆಯ ಬೇರೆ ಬೇರೆ ರೂಪ ಓದಿರುತ್ತಾರೆ, ಎಲ್ಲಕ್ಕಿಂತ ಮುಖ್ಯವಾಗಿ ಎದುರು ಕೂತ ಕೃಷ್ಣ ಏನು ಕೇಳಬಹುದು ಅಂತ ಯೋಚಿಸಿ ಬಂದಿರುತ್ತಾರೆ.

ನೀವೂ ಅದನ್ನೇ ಮಾಡಿ. ಸಭೆಯಲ್ಲಿ ನಿಮಗೆ ಅತಿ ಕಷ್ಟದ ಪ್ರಶ್ನೆ ಕೇಳುವವರು ಯಾರು ಅಂತ ನೆನಪು ಮಾಡಿಕೊಂಡು, ಅವರ ಬಾಯಲ್ಲೇ ನಾಲ್ಕೈದು ಪ್ರಶ್ನೆ ಬರೆಯಿರಿ. "ಇಷ್ಟು ಖರ್ಚು ಯಾಕೆ?", "ಹೋದ ಸಲ ಹೇಳಿದ್ದು ಏನಾಯ್ತು?" ಯಾವ ಪ್ರಶ್ನೆಗೆ ನಿಮ್ಮ ಹತ್ತಿರ ಸರಕು ಇಲ್ಲವೋ ಅಲ್ಲಿಗೆ ಮತ್ತೆ ಹೋಗಿ ಹುಡುಕಬೇಕು. ನನಗೆ ಸಿಕ್ಕ ಒಳ್ಳೆಯ ವಿವರಗಳು ಜಾಸ್ತಿ ಬಂದದ್ದು ಈ ಎರಡನೇ ಸುತ್ತಿನಲ್ಲೇ.

ಚಿತ್ರ, ಹಕ್ಕು, ಹೆಸರು

ಸ್ಲೈಡಿಗೆ ಫೋಟೋ ನೀವೇ ತೆಗೆಯಿರಿ. ನಿಮ್ಮ ಗೋದಾಮಿನ ಮಸುಕು ಫೋಟೋ ಗೂಗಲ್‌ನ ನಗುಮುಖದ ವಿದೇಶಿ ಆಫೀಸಿಗಿಂತ ಮೇಲು. ಬೇರೆಯವರದ್ದು ಬೇಕಾದರೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿ (ಬೇರೆಯವರು ಬಳಸಲು ತೆಗೆದವರೇ ಮೊದಲೇ ಕೊಟ್ಟ ಅನುಮತಿ) ಇದ್ದದ್ದನ್ನು ಆರಿಸಿ, ತೆಗೆದವರ ಹೆಸರು ಹಾಕಿ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡು 60 ವರ್ಷದವರೆಗೆ ಕೃತಿಗೆ ಹಕ್ಕು ಇರುತ್ತದೆ, ಪೂರ್ತಿ ಕವನ ಅಚ್ಚು ಹಾಕುವ ಮೊದಲು ನೆನಪಿರಲಿ. ಯಾರಿಂದ ಕೇಳಿದಿರೋ ಅವರ ಒಪ್ಪಿಗೆ ಇದ್ದರೆ ಹೆಸರು ಹೇಳಿ: "ಇದನ್ನು ನನಗೆ ಹೇಳಿದ್ದು ಬೈತಖೋಲದ ಒಬ್ಬ ಅಕ್ಕ" ಅಂದರೂ ಸಾಕು.

ಕೊನೆಗೆ, ಕಡಿಯುವುದು

ಇಷ್ಟೆಲ್ಲ ತಿರುಗಿದ ಮೇಲೆ ಸರಕು ಜಾಸ್ತಿಯಾಗುತ್ತದೆ, ಎಲ್ಲ ಹೇಳಬೇಕು ಅನಿಸುತ್ತದೆ. ಹತ್ತು ನಿಮಿಷದ ಮಾತಿಗೆ ಒಬ್ಬ ಮನುಷ್ಯರ ಮಾತು, ಒಂದು ಹಳೆ ದಾಖಲೆ, ಎರಡು ಅಂಕಿ ಸಾಕು. ಮೊದಲು ಬರೆದುಕೊಂಡ ಪ್ರಶ್ನೆಗೆ ಉತ್ತರ ಕೊಡದ ವಿವರ ಎಷ್ಟೇ ಚಂದ ಇದ್ದರೂ ತೆಗೆಯಿರಿ. ಎಸೆಯಬೇಡಿ, ನೋಟ್‌ಬುಕ್ಕಿನ ಹಿಂದಿನ ಪುಟಕ್ಕೆ ಹಾಕಿ, ಮುಂದಿನ ಸಭೆಗೆ ಬರುತ್ತದೆ. ಸಭೆ ಮುಗಿದು ಚಹಾ ಕುಡಿಯುವಾಗ ಇಬ್ಬರೋ ಮೂವರೋ ಹತ್ತಿರ ಬಂದು "ನಮ್ಮ ಅಜ್ಜನೂ ಒಂದು ಹೇಳ್ತಿದ್ದರು" ಅನ್ನುತ್ತಾರೆ. ಅವರ ಫೋನ್ ನಂಬರ್ ಆಗಲೇ ತೆಗೆದುಕೊಳ್ಳಿ, ಮತ್ತೆ ನಿಮಗೆ ಮಾಹಿತಿ ಕೊಟ್ಟವರಿಗೆಲ್ಲ ಭಾಷಣದ ರೆಕಾರ್ಡಿಂಗ್ ಅದೇ ವಾರ ಕಳಿಸಿ.